ಆ ಢೋಲಕಿ ಯಾರದು

ಅಜೀತನಿಗೆ ಹಾಡು ಮೊದಲೇ ಗೊತ್ತಿರಬೇಕಾಗಿಲ್ಲ ಎಂಬ ಮಾತು ಹುಮನಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹಾಡುವವರು ಮೊದಲ ಸಾಲು ಎತ್ತಿಕೊಂಡರೆ ಸಾಕು, ಎರಡನೆಯ ಸಾಲಿಗೆ ಅವನ ಢೋಲಕಿ ಬಂದು ಕೂಡಿಕೊಳ್ಳುತ್ತಿತ್ತು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಈ ಹಾಡನ್ನು ಇವನು ಹತ್ತು ವರ್ಷದಿಂದ ಬಾರಿಸಿಕೊಂಡೇ ಬಂದಿದ್ದಾನೆ ಅನ್ನಬೇಕು, ಹಾಗೆ. ಭೀಮಗೀತೆಯಿರಲಿ, ಭಜನೆಯಿರಲಿ, ಉರುಸಿನ ಕವ್ವಾಲಿಯಿರಲಿ, ಗಡಿಯಾಚೆಯಿಂದ ಬಂದ ಮರಾಠಿ ಮೇಳವಿರಲಿ, ಢೋಲಕಿಯವನು ಕೈ ಕೊಟ್ಟನೆಂದರೆ ಅಜೀತನಿಗೆ ಫೋನು. ಊರು ಘಾಟಬೋರಾಳ, ಮದುವೆಯಾದ ಮೇಲೆ ಹುಮನಾಬಾದಿನಲ್ಲಿ ಸಂಸಾರ. ಹೊಟ್ಟೆಪಾಡಿಗೆ ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಬಡಗಿ ಕೆಲಸ. ವಯಸ್ಸು ಮೂವತ್ತೆಂಟು. ಹಲಗೆಗೆ ಮೊಳೆ ಹೊಡೆಯುವಾಗಲೂ ಸುತ್ತಿಗೆಯಲ್ಲಿ ತಾಳದ ಠೇಕಾ ಹಿಡಿಯುತ್ತಾನೆಂದು ಜೊತೆಯವರು ನಗುತ್ತಿದ್ದರು.

ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ಮೊಬೈಲ್ ರಿಪೇರಿ ದುಕಾನ ಇಟ್ಟಿದ್ದ ಏಜಾಜ್ ಎಂಬ ಹುಡುಗ ಅವನಿಗೆ ಗಂಟುಬಿದ್ದದ್ದು ಈ ಹೆಸರಿನಿಂದಲೇ. ಏಜಾಜ್ ದುಕಾನಿನ ಮೇಲಿನ ಖೋಲಿಯ ಗೋಡೆಗಳಿಗೆ ಹಳೆಯ ಗಾದಿಗಳನ್ನು ಬಡಿದು, ಎರಡು ಮೈಕು, ಒಂದು ಕ್ಯಾಮೆರಾ ಇಟ್ಟುಕೊಂಡು, ಯೂಟ್ಯೂಬಿನಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದ್ದ. ಯಾವುದೋ ಒಂದು ಹಾಡು ತಗೊಂಡು ಅದರೊಳಗಿನ ತಾಳವಾದ್ಯವನ್ನಷ್ಟೇ ಕಂಪ್ಯೂಟರಿನಲ್ಲಿ ಅಳಿಸಿಬಿಡುವುದು. ಆ ಹಾಡನ್ನು ಎಂದೂ ಕೇಳಿರದ ಒಬ್ಬ ಬಾರಿಸುವವನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟು, ತೋಚಿದ್ದನ್ನು ಬಾರಿಸು ಎನ್ನುವುದು. ಎಲ್ಲ ಮುಗಿದ ಮೇಲೆ ಮೂಲ ಹಾಡು ಕೇಳಿಸಿ ಅವನು ಏನನ್ನುತ್ತಾನೆ ಎಂದು ತೋರಿಸುವುದು. ಹಲಗಿಯವರು, ತಬಲಾದವರು, ಬ್ಯಾಂಡಿನ ಡ್ರಮ್ಮಿನವರು ಬಂದುಹೋಗಿದ್ದರು. ಜನ ಇಷ್ಟಪಟ್ಟು ನೋಡುತ್ತಿದ್ದರು.

ಫೆಬ್ರುವರಿಯ ಒಂದು ಭಾನುವಾರ ಅಜೀತ ಢೋಲಕಿ ಹೆಗಲಿಗೇರಿಸಿಕೊಂಡು ಆ ಖೋಲಿಗೆ ಹೋದ.

"ಅಜೀತಭಾಯಿ, ಈ ಹಾಡು ನೀವು ಕೇಳಿರಾಕ ಸಾಧ್ಯನೇ ಇಲ್ಲ ನೋಡ್ರಿ," ಅಂದ ಏಜಾಜ್. "ನಮ್ಮ ಕಾಕಾನ ದುಕಾನದಾಗ ಹಳೀ ಸಿಡಿ ಗಂಟಿನಾಗ ಸಿಕ್ಕದ. ಈಗ ಆ ಕಂಪನಿನೂ ಇಲ್ಲ, ಕಾಕಾನೂ ಇಲ್ಲ."

ಕಿವಿಯೊಳಗೆ ಒಂದು ಹೆಣ್ಣಿನ ದನಿ, ಹಿಂದೆ ಸಣ್ಣಗೆ ಒಂದು ಹಾರ್ಮೋನಿಯಂ ಪೇಟಿ. ದನಿ ಒರಟು, ಆದರೆ ಒಳಗೆ ಬೆಚ್ಚಗಿತ್ತು.

*ಮೆಲ್ಲಕ ಬಾರೇ ಗಾಳೆವ್ವ, ಕೂಸು ಮಲಗ್ಯಾದ,*
*ಬೇವಿನ ಟೊಂಗಿಗಿ ಸೀರಿ ಕಟ್ಟೀನಿ, ಕೂಸು ಮಲಗ್ಯಾದ.*

ತೊಗರಿ ಕೊಯ್ಯಲು ಹೊರಟ ತಾಯಿ, ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿ, ಗಾಳಿಗೆ ಒಂದು ಮಾತು, ಕಾಗೆಗೆ ಒಂದು ಮಾತು ಹೇಳಿ ಹೋಗುವ ಹಾಡು. ಅಜೀತ ಮೊದಲ ಎರಡು ಸಾಲು ಸುಮ್ಮನೆ ಕೇಳಿದ. ಆಮೇಲೆ ಅಂಗೈ ಎತ್ತಲೇ ಇಲ್ಲ. ಬೆರಳ ತುದಿಗಳಿಂದ ಮಾತ್ರ, ಜೋಳಿಗೆ ತೂಗಿದ ಹಾಗೆ ಒಂದು ನಡೆ ಹಿಡಿದ. ಕಾಗೆಗೆ ಕೂಗಬೇಡ ಅನ್ನುವಲ್ಲಿ ಕೈಯನ್ನೇ ತೆಗೆದುಬಿಟ್ಟ. ಎರಡು ನಿಮಿಷದ ಹಾಡು ಮುಗಿದಾಗ ಏಜಾಜ್ ಕ್ಯಾಮೆರಾದ ಹಿಂದೆ ಕಣ್ಣರಳಿಸಿ ನಿಂತಿದ್ದ.

"ವ್ಹಾ ಭಾಯಿ! ಈಗ ಮೂಲದಾಗ ಏನು ಬಾರಿಸ್ಯಾರ ಕೇಳ್ರಿ."

ಮೂಲ ಹಾಡು ಶುರುವಾಯಿತು. ದೇವರೇ, ಅದೇನು ಢೋಲಕಿ! ಆ ಹೆಂಗಸು ಬಾಯಿ ತೆರೆಯುವುದಕ್ಕೂ ಬಿಡದ ಹಾಗೆ ಧಡಧಡ ಧಡಧಡ. ಅಜೀತನಿಗೆ ನಗು ತಡೆಯಲಾಗಲಿಲ್ಲ.

"ಆಕಿ ಕೂಸು ಮಲಗ್ಯಾದ ಅನ್ನಾಕತ್ಯಾಳ, ಇಂವ ಲಗ್ನದ ಬಾರಾತ ಹೊಂಟಂಗ ಬಡಿಯಾಕತ್ಯಾನಲ್ಲೋ! ಕೂಸು ಬಿಡು, ಓಣಿ ಮಂದಿ ಎಲ್ಲಾ ಎದ್ದು ಕುಂದರತದ."

ಏಜಾಜ್ ಹೊಟ್ಟೆ ಹಿಡಿದುಕೊಂಡು ನಕ್ಕ. ಅಜೀತನಿಗೆ ಇನ್ನೂ ಹುರುಪು ಬಂತು. "ಇಂವಗ ಕಿವಿ ಇದ್ದಿಲ್ಲ ಕಾಣ್ತದ. ಕೈ ಎರಡು ಅದಾವ, ಅಷ್ಟೇ."

ಅಷ್ಟರಲ್ಲಿ ಸಾಲಿನ ಕೊನೆಗೆ ಢೋಲಕಿಯ ಎಡಬದಿಯಿಂದ 'ಗುಂಯ್... ಗುಂಯ್' ಎಂದು ಎರಡು ಸಲ ಉಜ್ಜಿ ಎತ್ತಿದ ನಾದ ಬಂತು. ಅಜೀತನ ನಗು ಬಾಯಲ್ಲೇ ನಿಂತಿತು. ಮುಂದಿನ ಸಾಲಿನ ಕೊನೆಗೆ ಮತ್ತೆ ಅದೇ 'ಗುಂಯ್... ಗುಂಯ್'. ಬೇರೆಯವನ ಹೆಗಲ ಮೇಲೆ ತನ್ನ ಅಂಗಿ ಕಂಡರೆ ಯಾರಿಗೆ ಗೊತ್ತಾಗುವುದಿಲ್ಲ? ಅದು ಅವನ ಕೈ. ಹರೆಯದಲ್ಲಿ ಆ ಚಮತ್ಕಾರ ಕಲಿತ ಹೊಸದರಲ್ಲಿ ಅದನ್ನು ಎಲ್ಲ ಸಾಲಿಗೂ ಹಚ್ಚಿ ಹಚ್ಚಿ ಇಡುತ್ತಿದ್ದ.

ನೆನಪು ಒಮ್ಮೆಲೇ ಬಂತು. ಹದಿನಾಲ್ಕು ವರ್ಷದ ಹಿಂದೆ ಹುಮನಾಬಾದಿನ ಒಂದು ಗೋದಾಮಿನಲ್ಲಿ ಸಿಡಿ ಕಂಪನಿಯವನೊಬ್ಬ ಒಂದೇ ದಿನ ಎಂಟು ತಂಡ ಕರೆಸಿ, ಮುಂಜಾನೆಯಿಂದ ಸಂಜೆತನಕ ನಲವತ್ತು ಹಾಡು ಮುಗಿಸಿದ್ದ. ಎಲ್ಲ ತಂಡಕ್ಕೂ ಢೋಲಕಿ ಅಜೀತನದೇ. ರೆಕಾರ್ಡಿನಲ್ಲಿ ಸದ್ದು ಸೇರುತ್ತದೆಂದು ಫ್ಯಾನು ಬಂದ್ ಮಾಡಿಸಿದ್ದು ನೆನಪಾಯಿತು, ಬೆನ್ನ ಮೇಲೆ ಹರಿದ ಬೆವರು ನೆನಪಾಯಿತು, ಮಧ್ಯಾಹ್ನ ಹಾಕಿದ ಮಟನ್ ಊಟ ಕೂಡ ನೆನಪಾಯಿತು. ಹಾಡಿದ ಹೆಂಗಸಿನ ಮುಖ ಮಾತ್ರ ಎಷ್ಟು ಹುಡುಕಿದರೂ ನೆನಪಾಗಲಿಲ್ಲ.

"ಯಾರ ಕೈ ಇರಬಹುದು ಇದು?" ಏಜಾಜ್ ಕೇಳುತ್ತಿದ್ದ. "ಸಿಡಿ ಮ್ಯಾಲ ಹಾಡಿದಾಕಿ ಹೆಸರು ಅದ, ಹುಲಸೂರದ ಸೋನುಬಾಯಿ ಅಂತ. ಬಾರಿಸಿದವರ ಹೆಸರು ಹಾಕಿಲ್ಲ. ಈ ಕಡೆ ಬಾರಿಸವರೆಲ್ಲ ನಿಮಗ ಗೊತ್ತಲ್ಲ. ಕೈ ಗುರ್ತು ಹತ್ತತದೇನು?"

ಕ್ಯಾಮೆರಾದ ಮೂತಿಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಗೊತ್ತಾಗಲಿಲ್ಲ ಅನ್ನಬಹುದಿತ್ತು. ಇದು ನಾನೇ ಅಂತ ನಗಬಹುದಿತ್ತು. ಅಜೀತ ಎರಡನ್ನೂ ಮಾಡಲಿಲ್ಲ.

"ದತ್ತಾತ್ರಿ ಕಾಕಾನ ಕೈ ಇದ್ದಂಗದ," ಅಂದ. "ಬೇಮಳಖೇಡದ ದತ್ತಾತ್ರಿ ಕಾಕಾ."

ಯಾಕೆ ಆ ಹೆಸರೇ ಬಂತು? ಆಮೇಲೆ ಎಷ್ಟೋ ದಿನ ಅವನು ತನ್ನನ್ನು ತಾನು ಕೇಳಿಕೊಂಡ. ದತ್ತಾತ್ರಿ ಅರವತ್ತು ದಾಟಿದ ಕೂಲಿಮನುಷ್ಯ, ಈ ಸೀಮೆಯ ಹಳೆಯ ಢೋಲಕಿಗಾರ. ಅಜೀತ ಎಷ್ಟೇ ಚೆನ್ನಾಗಿ ಬಾರಿಸಿದರೂ ಗುಂಪಿನಲ್ಲಿ ಒಬ್ಬ ಮುದುಕನಾದರೂ "ದತ್ತಾತ್ರಿ ಕೈ ಬ್ಯಾರೇನೇ" ಅನ್ನುತ್ತಿದ್ದ. ಅದು ಒಳಗೆಲ್ಲೋ ಚುಚ್ಚಿಕೊಂಡಿತ್ತೇನೋ. ಅದಕ್ಕಿಂತ ಹೊಲಸಾದ ಇನ್ನೊಂದು ಲೆಕ್ಕವೂ ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ನಡೆದುಹೋಗಿತ್ತು: ದತ್ತಾತ್ರಿಯ ಹತ್ತಿರ ಇರುವುದು ಗುಂಡಿ ಒತ್ತುವ ಫೋನು, ಅವನು ಇದನ್ನು ನೋಡುವುದಿಲ್ಲ.

ಚಿತ್ರೀಕರಣ ಮುಗಿದ ಮೇಲೆ ಏಜಾಜ್ ಚಹಾ ತರಿಸಿದ. 'ಆ ಒಂದು ಮಾತು ತೆಗೆದುಬಿಡು' ಎಂಬುದು ಅಜೀತನ ನಾಲಿಗೆಯ ತುದಿಗೆ ಎರಡು ಸಲ ಬಂತು. ಎರಡು ಸಲವೂ ಚಹಾದ ಜೊತೆ ಒಳಗೆ ಹೋಯಿತು.

*

ವಿಡಿಯೋ ಹೊರಬಿದ್ದ ನಾಲ್ಕೇ ದಿನಕ್ಕೆ ಬೀದರ ಜಿಲ್ಲೆಯೆಲ್ಲ ಓಡಾಡಿತು. ಒಂದು ಕಡೆ ಅಜೀತನ ಮೆತ್ತನೆಯ ಬೆರಳು, ಇನ್ನೊಂದು ಕಡೆ ಆ ಧಡಧಡ. ನಡುವೆ ಅಜೀತನ ಬಾರಾತಿನ ಮಾತು. ಲಕ್ಷಗಟ್ಟಲೆ ಜನ ನೋಡಿದರು. ಆಟೋನಗರದ ಗ್ಯಾರೇಜಿನಲ್ಲಿ ಮಹೆಬೂಬ ಮಿಸ್ತ್ರಿ ಕೆಲಸ ನಿಲ್ಲಿಸಿ ಎಲ್ಲರಿಗೂ ತೋರಿಸಿದ. ಯಾರಾದರೂ ಮೊಳೆ ಜೋರಾಗಿ ಬಡಿದರೆ "ಏ ಧಡಧಡ ದತ್ತಾತ್ರಿ, ಸಣ್ಣಗ ಹೊಡಿ!" ಎಂಬ ಕೂಗು ಶುರುವಾಯಿತು. ಅಜೀತ ತಲೆಯೆತ್ತದೆ ಹಲಗೆ ಕೊಯ್ಯುತ್ತಿದ್ದ. ಹೊಗಳಿಕೆ ಬಂದಷ್ಟೂ ಅವನ ಕಿವಿ ಬಿಸಿಯಾಗುತ್ತಿತ್ತು.

ಮನೆಯಲ್ಲಿ ಹೆಂಡತಿ ಆಮ್ರಪಾಲಿ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯನ್ನು ದೂರ ಹಿಡಿದುಕೊಂಡು, ಫೋನು ಗೋಡೆಗೆ ಆನಿಸಿ ನೋಡಿದಳು. ಗಂಡ ಬಾರಿಸುವುದನ್ನು ಕಂಡು ಅವಳ ಮುಖ ಅರಳಿತು. ಕೊನೆಗೆ ಮಾತ್ರ ಹುಬ್ಬು ಗಂಟಾಯಿತು.

"ದತ್ತಾತ್ರಿ ಕಾಕಾ ಹಿಂಗ ಬಾರಿಸ್ತಾರೇನ್ರಿ? ನಮ್ಮಕ್ಕನ ಲಗ್ನದಾಗ ಬಾರಿಸಿದ್ರು. ಹಾಡಿನ ಒಂದೊಂದು ಮಾತೂ ಕೇಳಸ್ತಿತ್ತು."

"ವಯಸ್ಸಿನಾಗ ಎಲ್ಲಾರೂ ಹಂಗೇ ಬಾರಿಸ್ತಾರ. ನಿನಗೇನು ಗೊತ್ತಾಗ್ತದ?" ಅಂತ ಅಜೀತ ಸಿಡುಕಿದ. ಅವಳು ಒಂದು ಗಳಿಗೆ ಅವನ ಮುಖ ನೋಡಿ, ಮತ್ತೆ ರೊಟ್ಟಿಗೆ ಕೈ ಹಾಕಿದಳು. ಕಾರಣವಿಲ್ಲದೆ ಹಾಗೆ ಮಾತಾಡುವವನಲ್ಲ ಅವನು.

ಮಾರ್ಚ್ ಮುಗಿಯುವ ಹೊತ್ತಿಗೆ ಅನೀಲಕುಮಾರನ ಫೋನು ಬಂತು. ಹುಮನಾಬಾದಿನಲ್ಲಿ ಅಜೀತನ ಬಡಾವಣೆಯ ಭೀಮ ಜಯಂತಿ ಕಮಿಟಿಗೆ ಅವನೇ ಮುಂದಾಳು. ಹದಿನಾಲ್ಕನೇ ಏಪ್ರಿಲಿನ ಮೆರವಣಿಗೆಯಲ್ಲಿ ಹನ್ನೊಂದು ವರ್ಷದಿಂದ ದತ್ತಾತ್ರಿಯ ಢೋಲಕಿ ನಡೆದುಬಂದಿತ್ತು.

"ಈ ಸಲ ನೀವೇ ಬರ್ಬೇಕು ನೋಡ್ರಿ," ಅಂದ ಅನೀಲಕುಮಾರ. "ಹುಡುಗರು ದತ್ತಾತ್ರಿ ಕಾಕಾನ ಬ್ಯಾಡ ಅನ್ನಾಕತ್ತಾರ. ಹೆಸರು ತಗೊಂಡ್ರ ನಗ್ತಾರ್ರಿ, ಏನ್ ಮಾಡೋದು?"

ಅಜೀತ ಗಂಟಲು ಸರಿಮಾಡಿಕೊಂಡ. ಈಗಲಾದರೂ ಹೇಳಬೇಕು ಅಂದುಕೊಂಡ. ಬಾಯಿಂದ ಹೊರಟದ್ದು, "ಆಯ್ತು, ಬರ್ತೀನಿ," ಎಂಬ ಮಾತು.

*

ಅದಾದ ಮೂರನೆಯ ದಿನ ಮಧ್ಯಾಹ್ನ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ, ಕಟ್ಟೆಯ ನೆರಳಿಗೆ ದತ್ತಾತ್ರಿ ಕೂತಿದ್ದ. ಕೊರಳಿಗೆ ನೀಲಿ ಟವೆಲು, ತೊಡೆಯ ಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಢೋಲಕಿ. ಅಜೀತ ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಅವನು ಕೈಯೆತ್ತಿದ.

"ಜೈ ಭೀಮ್, ಅಜೀತ. ಬಾ, ಕೂಡು."

"ಜೈ ಭೀಮ್, ಕಾಕಾ." ಅಜೀತ ಕೂತ. "ಏನ್ ಈ ಕಡೆ ಬಂದೀರಿ?"

"ಢೋಲಕಿಗೆ ಹೊಸಾ ತೊಗಲು ಹಾಕಿಸಾಕ ಬಂದಿದ್ದೆ. ಜಯಂತಿ ಬಂತಲ್ಲ. ಹಳೀದು ಸಡ್ಲಾಗಿತ್ತು." ದತ್ತಾತ್ರಿ ಬೆಡ್‌ಶೀಟು ಸರಿಸಿ ಬಿಳಿಯ ಹೊಸ ತೊಗಲನ್ನು ಅಂಗೈಯಿಂದ ಸವರಿ ತೋರಿಸಿದ. "ಈ ಹನ್ನೆರಡು ದಿನದಾಗ ಬರೋಬ್ಬರಿ ಹದಕ್ಕ ಬರ್ತದ."

ಕಮಿಟಿಯವರು ಅವನಿಗೆ ಇನ್ನೂ ಹೇಳಿಲ್ಲ ಎಂಬುದು ಅಜೀತನಿಗೆ ಗೊತ್ತಾಯಿತು.

"ನಿನ್ನ ವಿಡಿಯೋ ನೋಡಿದೆ," ಅಂದ ದತ್ತಾತ್ರಿ, ಬಸ್ಸುಗಳ ಕಡೆ ನೋಡುತ್ತ. "ಮೊಮ್ಮಗಳು ತೋರಿಸಿದಳು. ಛಲೋ ಬಾರಿಸೀದಿ. ಆಮ್ಯಾಲಿನ ಸಿಡಿ ಹಾಡು ಮೂರು ಸಲ ಹಚ್ಚಿಸಿ ಕೇಳಿದೆ. ಮೊದಲನೇ ಸಲ, ನಾನೇ ಇರಬಹುದು ಅಂದ್ಕೊಂಡೆ. ಎಲ್ಲೆಲ್ಲಿ ಏನೇನು ಬಾರಿಸೀನೋ, ನೆನಪಿರಂಗಿಲ್ಲ. ಶರಮ್ ಆಯ್ತು ನನಗ. ಹಾಡಿದಾಕಿ ಪಾಪ ಅನ್ನಿಸ್ತು."

ಅವನು ಎಡಗೈಯನ್ನು ಮೊಣಕಾಲ ಮೇಲೆ ಇಟ್ಟ. ಅದರಲ್ಲಿ ನಡುವಿನ ಬೆರಳು, ಉಂಗುರದ ಬೆರಳು ಎರಡೂ ಬುಡದಿಂದಲೇ ಇರಲಿಲ್ಲ.

"ಎರಡನೇ ಸಲ ಆ ಗುಂಯ್ ಕೇಳಿಸ್ತು. ಕಬ್ಬಿನ ಗಾಣದಾಗ ಈ ಬೆರಳು ಹೋಗಿ ಮೂವತ್ತು ವರ್ಷ ಆಯ್ತು. ಉಜ್ಜಿ ಎತ್ತೋ ಆ ನಾದ ನನ್ನ ಕೈಲೆ ಬರಂಗಿಲ್ಲ. ನೀನೂ ನೋಡೀದಿ ಈ ಕೈ, ಹತ್ತು ಸಲ ಬಾಜೂಕ ಕುಂತೀದಿ."

ಕ್ಷಮಿಸು ಅನ್ನಬೇಕಾಗಿದ್ದ ಗಳಿಗೆ ಅದು. ಅಜೀತನ ಬಾಯಿಂದ ಬಂದದ್ದು ಬೇರೆ.

"ಯಾರ ಮುಂದಾದ್ರೂ ಹೇಳೀರೇನು, ಕಾಕಾ?"

ಆಡಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ದತ್ತಾತ್ರಿ ಮೊದಲ ಸಲ ಅವನ ಕಡೆ ತಿರುಗಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಬೇರೆ ಯಾರನ್ನೋ ನೋಡಿದ ಹಾಗಿತ್ತು.

"ನಾ ಯಾಕ ಹೇಳ್ಲಿ? ಅದು ನನ್ನ ಕೆಲಸ ಅಲ್ಲ."

ಬಸ್ಸು ಬಂತು. ಮುದುಕ ಢೋಲಕಿಯನ್ನು ಮಗುವಿನಂತೆ ಎದೆಗಾನಿಸಿ ಹತ್ತಿದ. ಜಯಂತಿಗೆ ನಿಮ್ಮನ್ನು ಕರೆಯುವುದಿಲ್ಲ, ನನ್ನನ್ನು ಕರೆದಿದ್ದಾರೆ ಎಂದು ಹೇಳುವ ಧೈರ್ಯ ಅಜೀತನಿಗೆ ಆಗಲಿಲ್ಲ. ಬಸ್ಸು ಹೊರಟು ಧೂಳು ಇಳಿದ ಮೇಲೂ ಅವನು ಅಲ್ಲೇ ನಿಂತಿದ್ದ. ಯಾರೋ ಕಾಲೇಜು ಹುಡುಗರು ಗುರುತು ಹಿಡಿದು, ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು.

*

ಅಂದು ಸಂಜೆ ಆಮ್ರಪಾಲಿಗೆ ಎಲ್ಲ ಹೇಳಿದ. ಬೈಯುತ್ತಾಳೆ ಅಂದುಕೊಂಡಿದ್ದ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಹಾಡಿದಾಕಿ ಇದ್ದಾಳೇನ್ರಿ ಇನ್ನಾ?"

"ಗೊತ್ತಿಲ್ಲ."

"ಮೊದಲ ಅಕಿ ಹಂತೇಕ ಹೋಗಿ ಬರ್ರಿ. ಕಾಕಾಂದು ಆಮ್ಯಾಲ. ಅಕಿ ಹಾಡು ಅದು. ಅದನ್ನೂ ಕೆಡಿಸೀರಿ, ಅದರ ಮ್ಯಾಲ ನಕ್ಕೀರಿ."

ಭಾನುವಾರ ಬಸವಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹುಲಸೂರಿನ ಬಸ್ಸು ಹಿಡಿದ. ಸೋನುಬಾಯಿಯ ಮನೆ ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಐವತ್ತೈದರ ಆಸುಪಾಸಿನ ಹೆಂಗಸು, ಅಂಗಳದಲ್ಲಿ ಮೊರದ ತುಂಬ ಕಡಲೆ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಅವನು ಹೆಸರು ಹೇಳುವ ಮೊದಲೇ ಮೊರ ಕೆಳಗಿಟ್ಟಳು.

"ನೀ ಅಲ್ಲೇನು, ವಿಡಿಯೋದಾಗ ಇದ್ದಾಂವ?"

"ಹೌದ್ರಿ ಅಕ್ಕಾ."

"ಸಿಡಿದಾಗ ಬಾರಿಸಿದಾಂವನೂ ನೀನೇ."

ಅಜೀತ ತಲೆ ತಗ್ಗಿಸಿದ. "ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿರಲಾರದ ಏನು? ನಾನು ಬಾಜೂಕೇ ನಿಂತಿದ್ದೆ. ಎರಡು ಸಲ ಅಂದೆ, ತಮ್ಮಾ, ಜರಾ ಸಣ್ಣಗ ಬಾರಿಸು ಅಂತ. ನೀ ಹೂಂ ಅಂತ ತಲಿ ಆಡಿಸಿದಿ. ತಲಿ ಅಷ್ಟೇ ಆಡಿಸಿದಿ." ಅವಳು ಒಂದು ಕಲ್ಲು ಆರಿಸಿ ಎಸೆದಳು. "ಅದು ಹೋಗ್ಲಿ. ಜೋರ್ ಬಾರಿಸಿದ್ದಕ್ಕ ನನಗ ಅಷ್ಟು ಸಿಟ್ಟಿಲ್ಲ. ಹಾಡು ಮುಗಿದಿದ್ದಿಲ್ಲ, ತಮ್ಮಾ. ನೀ ಮುಗಿಸಿಬಿಟ್ಟಿ."

ಅವನಿಗೆ ಅರ್ಥವಾಗಲಿಲ್ಲ. ಸೋನುಬಾಯಿ ಹೇಳಿದಳು. ಎರಡನೇ ನುಡಿ ಆದ ಮೇಲೆ ಉಸಿರು ತಗೊಳ್ಳಲು ನಿಂತಿದ್ದಳಂತೆ. ಹಾಡು ಮುಗಿಯಿತೆಂದುಕೊಂಡು ಅಜೀತ ಮೂರು ಸಲ ಹೊಡೆದು ಮುಕ್ತಾಯ ಹಾಕಿಬಿಟ್ಟನಂತೆ. ಇನ್ನೊಂದು ನುಡಿ ಅದ ಅಂದರೆ ಕಂಪನಿಯವನು ಗಡಿಯಾರ ನೋಡಿ, ಇಷ್ಟೇ ಸಾಕು ಬಾಯಿ, ಮುಂದಿನ ತಂಡ ನಿಂತದ ಅಂದನಂತೆ.

"ನಾ ಕಟ್ಟಿದ ಹಾಡು ಅದು. ಈಗ ನಮ್ಮೂರ ಹೆಣ್ಣುಮಕ್ಕಳೆಲ್ಲಾ ಕೂಸು ಮಲಗಸಾಕ ಹಾಡ್ತಾರ. ಸಿಡಿದಾಗ ಇದ್ದಷ್ಟೇ ಹಾಡ್ತಾರ. ಅಷ್ಟೇ ಅದ ಅಂದ್ಕೊಂಡಾರ. ನಾ ಹೇಳಾಕ ಹೋದ್ರೂ, ಹಂಗಿಲ್ಲ ಬಾಯಿ, ಸಿಡಿದಾಗ ಹಿಂಗದ ಅಂತ ನನಗೇ ತಿದ್ದತಾರ!"

ಅವಳು ನಕ್ಕಳು. ಅಜೀತನಿಗೆ ನಗುವುದಾಗಲಿಲ್ಲ. ನಲವತ್ತು ಹಾಡು ಒಂದೇ ದಿನದಲ್ಲಿ, ಒಂದನ್ನೂ ಮೊದಲು ಕೇಳದೆ ಬಾರಿಸಿದೆ ಎಂದು ಎಷ್ಟು ಕಡೆ ಎದೆಯುಬ್ಬಿಸಿ ಹೇಳಿಕೊಂಡಿದ್ದ. ಆ ನಲವತ್ತರಲ್ಲಿ ಇನ್ನೆಷ್ಟನ್ನು ಹೀಗೆ ಅರ್ಧಕ್ಕೆ ಮುಗಿಸಿದ್ದೆನೋ, ಯಾರಿಗೆ ಗೊತ್ತು?

"ಅಕ್ಕಾ, ಏಜಾಜನ ಖೋಲಿಗಿ ಬರ್ರಿ. ಪೂರಾ ಹಾಡ್ರಿ. ಈ ಸಲ ನಾನು ಬರೋಬ್ಬರಿ..."

"ನೀ ಬ್ಯಾಡ," ಅಂದಳು ಸೋನುಬಾಯಿ, ದನಿ ಏರಿಸದೆ. "ದತ್ತಾತ್ರಿ ಅಣ್ಣ ಬಾರಿಸ್ತೀನಿ ಅಂದ್ರ ಹಾಡ್ತೀನಿ. ಕೊನೀ ನುಡಿ ಅದ ಅಂತ ಅವನ ಮುಂದ ಹೇಳಬ್ಯಾಡ. ನೀ ಬಾ ಬೇಕಾದ್ರ. ಕುಂತು ಕೇಳು."

*

ಏಜಾಜ್ ಎಲ್ಲ ಕೇಳಿ ಹಣೆ ಬಡಿದುಕೊಂಡ. "ಭಾಯಿ, ಆವತ್ತೇ ಇದು ನಾನೇ ಅಂದಿದ್ರ ಎಂಥಾ ವಿಡಿಯೋ ಆಗ್ತಿತ್ತು! ಹದಿನಾಲ್ಕು ವರ್ಷದಾಗ ಕೈ ಎಷ್ಟು ಬದಲಾತು ಅಂತ ಜನ ಖುಷಿಪಡ್ತಿದ್ರು. ಯಾರೂ ನಿಮಗ ಏನೂ ಅಂತಿದ್ದಿಲ್ಲ."

ಅದೇ ಅಜೀತನನ್ನು ಹೆಚ್ಚು ಸುಟ್ಟಿತು. ನಿಜ ಹೇಳಿದ್ದರೆ ಏನೂ ಹೋಗುತ್ತಿರಲಿಲ್ಲ. ಏನೂ ಹೋಗದ ಕಡೆ ಸುಳ್ಳು ಹೇಳಿದ್ದ.

ಅವತ್ತೇ ಕ್ಯಾಮೆರಾದ ಮುಂದೆ ಕೂತ. ಕೈಯಲ್ಲಿ ಢೋಲಕಿ ಇಲ್ಲದೆ ಕೂರುವುದು ಹೇಗೆಂದೇ ತಿಳಿಯದೆ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡ. "ಆ ಸಿಡಿದಾಗ ಬಾರಿಸಿದಾಂವ ನಾನೇ. ಗೊತ್ತಿದ್ದೇ ಸುಳ್ಳು ಹೇಳೀನಿ. ದತ್ತಾತ್ರಿ ಕಾಕಾನ ಹೆಸರು ಕೆಡಿಸೀನಿ. ಸೋನುಬಾಯಿ ಅಕ್ಕನ ಹಾಡು ಕೆಡಿಸೀನಿ. ನನ್ನ ಗಲತಿ ಅದ." ಅಷ್ಟು ಹೇಳುವುದಕ್ಕೆ ಆರು ಸಲ ತಡವರಿಸಿದ. ಅಲ್ಲಿಂದಲೇ ಅನೀಲಕುಮಾರನಿಗೆ ಫೋನು ಮಾಡಿ, ಜಯಂತಿಗೆ ನಾ ಬರೋದಿಲ್ಲ, ಕಾಕಾನನ್ನೇ ಕರೀರಿ ಅಂದ. ಆ ಕಡೆಯಿಂದ, "ಈಗ ಹ್ಯಾಂಗ್ರಿ? ನೋಡೋಣ," ಎಂದು ಉತ್ತರ ಬಂತು.

ಮರುದಿನ ಬೇಮಳಖೇಡಕ್ಕೆ ಹೋದ. ದತ್ತಾತ್ರಿ ದನಕ್ಕೆ ಮೇವು ಹಾಕುತ್ತಿದ್ದ. ಅಜೀತ ಹೇಳಿದ್ದನ್ನೆಲ್ಲ ಮೇವು ಹಾಕುತ್ತಲೇ ಕೇಳಿದ. ಜಯಂತಿಯ ವಿಷಯ ಹಿಂದಿನ ದಿನವಷ್ಟೇ ಅವನಿಗೆ ತಿಳಿದಿತ್ತು. ಯಾರೋ ದಾರಿಯಲ್ಲಿ ಹೋಗುವವನು ಹೇಳಿದ್ದ.

"ಬಸ್‌ಸ್ಟ್ಯಾಂಡಿನಾಗ ಕುಂತಾಗ ನಿನಗ ಗೊತ್ತಿತ್ತಾ?" ಅಂತ ಮಾತ್ರ ಕೇಳಿದ.

"ಗೊತ್ತಿತ್ತು, ಕಾಕಾ."

ದತ್ತಾತ್ರಿ ಕೈಯ ಧೂಳು ಕೊಡವಿದ. ಆಮೇಲೆ ಅಂದ: "ಸೋನುಬಾಯಿ ಕರದಾಳ ಅಂದ್ರ ಬರ್ತೀನಿ. ನೀ ಕರದಿ ಅಂತಲ್ಲ."

ಆ ಗುರುವಾರ ಏಜಾಜನ ಖೋಲಿಯಲ್ಲಿ ಸೋನುಬಾಯಿ ಒಂದು ಕಡೆ, ದತ್ತಾತ್ರಿ ಅವಳೆದುರಿಗೆ. ಪೇಟಿ ಕೂಡ ಬೇಡ ಅಂದಳು ಅವಳು. ಅಜೀತ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತ.

ಅವಳು ಹಾಡತೊಡಗಿದಳು. ದತ್ತಾತ್ರಿಯ ಕೈ ಎಲ್ಲಿ ಶುರುವಾಯಿತೆಂದು ಅಜೀತನಿಗೆ ಗೊತ್ತೇ ಆಗಲಿಲ್ಲ. ಮೂರು ಬೆರಳಿನ ಎಡಗೈ ತೊಗಲಿನ ಮೇಲೆ ಸುಮ್ಮನೆ ಕೂತಿತ್ತು, ಬಲಗೈಯ ಒಂದು ಬೆರಳು ಅಲ್ಲೊಮ್ಮೆ ಇಲ್ಲೊಮ್ಮೆ ಮುಟ್ಟುತ್ತಿತ್ತು. ವಿಡಿಯೋದಲ್ಲಿ ತಾನು ಬಾರಿಸಿದ ಜೋಳಿಗೆಯ ನಡೆ ಎಷ್ಟು ಜಾಣತನದ್ದು, ಎಷ್ಟು ತನ್ನನ್ನೇ ತೋರಿಸಿಕೊಳ್ಳುವಂಥದ್ದು ಎಂಬುದು ಅವನಿಗೆ ಈಗ ಕಾಣಿಸಿತು. ಜನ ಹೊಗಳಿದ್ದೂ ಸುಮ್ಮನೆಯೇ ಅನ್ನಿಸಿ ಇನ್ನಷ್ಟು ನಾಚಿಕೆಯಾಯಿತು.

ಎರಡನೇ ನುಡಿ ಮುಗಿಯಿತು. ಸೋನುಬಾಯಿ ನಿಂತಳು. ದತ್ತಾತ್ರಿ ಮುಕ್ತಾಯ ಹಾಕಲಿಲ್ಲ. ಬೆರಳೆತ್ತಿ, ಅವಳ ಮುಖ ನೋಡುತ್ತ ಕೂತ. ಬೇಕಾದಷ್ಟು ಹೊತ್ತು ತಗೋ ತಂಗಿ ಅನ್ನುವ ಹಾಗೆ. ಅವಳು ಎದೆ ತುಂಬ ಉಸಿರೆಳೆದುಕೊಂಡು ಎತ್ತಿಕೊಂಡಳು:

*ಜೋರಲೆ ಬಾರೇ ಗಾಳೆವ್ವ, ಕೂಸು ಏಳಬೇಕು,*
*ಕೂಗಿ ಎಬ್ಬಿಸೋ ಕಾಗಣ್ಣ, ಸಾಲಿಗಿ ಹೋಗಬೇಕು!*

ದತ್ತಾತ್ರಿಯ ಮುಖದಲ್ಲಿ ಸಣ್ಣ ಮಗುವಿನ ನಗು ಮೂಡಿತು. ಎರಡೂ ಕೈ ಒಟ್ಟಿಗೆ ಬಿದ್ದವು. ಇಷ್ಟು ಹೊತ್ತು ಮಲಗಿದ್ದ ಹೊಸ ತೊಗಲು ಖೋಲಿಯ ಗಾದಿಗಳನ್ನೆಲ್ಲ ನಡುಗಿಸುವ ಹಾಗೆ ಎದ್ದಿತು. ಆ ಬಡಿತದೊಳಗೆ, ಪಾಟಿ ಹಿಡಿದು ಶಾಲೆಗೆ ಹೊರಟ ಕೂಸು ಹೊಲದ ಬದುವಿನ ಮೇಲೆ ಓಡತೊಡಗಿತು. ಸೋನುಬಾಯಿ ಕೈಯೆತ್ತಿ ಹಾಡುತ್ತಿದ್ದಳು. ಏಜಾಜ್ ಕ್ಯಾಮೆರಾ ಬಿಟ್ಟು ಚಪ್ಪಾಳೆ ಹಾಕತೊಡಗಿದ. ಅಜೀತ ಮಾತ್ರ ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು ಕೂತಿದ್ದ. ಜೋರಾಗಿ ಬಾರಿಸಬೇಕಾದ ಜಾಗ ಈ ಹಾಡಿನಲ್ಲಿ ಇತ್ತು. ಅದು ಬರುವ ತನಕ ಕಾಯುವುದು ತನ್ನಿಂದ ಆಗಿರಲಿಲ್ಲ.

ಮುಗಿದ ಮೇಲೆ ಅವನು ದತ್ತಾತ್ರಿಯ ಹತ್ತಿರ ಹೋಗಿ, "ಮಾಫ್ ಮಾಡ್ರಿ, ಕಾಕಾ," ಅಂದ.

ದತ್ತಾತ್ರಿ ಬೆಡ್‌ಶೀಟಿನ ಗಂಟು ಕಟ್ಟುತ್ತಿದ್ದ. "ನೀ ಹೇಳಿದ್ದು ಮೊಮ್ಮಗಳು ತೋರಿಸ್ಯಾಳ. ಹೇಳಿದ್ದು ಛಲೋ ಆಯ್ತು." ಗಂಟು ಬಿಗಿ ಮಾಡಿದ. "ಮಾಫೀದು ನನಗ ಇನ್ನಾ ಆಗವಲ್ದು, ಅಜೀತ. ಆದಾಗ ಹೇಳ್ತೀನಿ."

ಸೋನುಬಾಯಿಯ ಜೊತೆ ಮುದುಕ ಮೆಟ್ಟಿಲಿಳಿದು ಹೋದ.

*

ಜಯಂತಿಗೆ ದತ್ತಾತ್ರಿಯನ್ನೂ ಕರೆಯಲಿಲ್ಲ, ಅಜೀತನನ್ನೂ ಕರೆಯಲಿಲ್ಲ. ಈ ತಕರಾರೇ ಬೇಡವೆಂದು ಕಮಿಟಿಯವರು ಡಿಜೆ ತರಿಸಿದರು. ಏಜಾಜ್ ಹಾಕಿದ ತಪ್ಪೊಪ್ಪಿಗೆಯ ವಿಡಿಯೋ ನೋಡಿದವರು ಕೆಲವೇ ನೂರು ಜ‌ನ. ಹಳೆಯದು ಇನ್ನೂ ಓಡುತ್ತಲೇ ಇತ್ತು. ಅದನ್ನು ತೆಗೆದುಹಾಕು ಅಂದಾಗ ಏಜಾಜ್ ಮರುಮಾತಾಡದೆ ತೆಗೆದ. ಅಷ್ಟರಲ್ಲಿ ಅದು ಯಾರ್ಯಾರದೋ ಫೋನುಗಳಲ್ಲಿ ಮನೆ ಮಾಡಿತ್ತು. ಸೋನುಬಾಯಿಯ ಪೂರ್ತಿ ಹಾಡನ್ನು ಹುಲಸೂರಿನವರು ತಕ್ಕಮಟ್ಟಿಗೆ ಕೇಳಿದರು. ಒಂದಿಬ್ಬರು ತಾಯಂದಿರು ಮುಂಜಾನೆ ಮಕ್ಕಳನ್ನು ಎಬ್ಬಿಸುವಾಗ ಕೊನೆಯ ನುಡಿ ಹಾಡುತ್ತಿದ್ದಾರೆಂದು ಅವಳು ಆಮ್ರಪಾಲಿಗೆ ಫೋನಿನಲ್ಲಿ ಹೇಳಿದಳು.

ಮೆರವಣಿಗೆಯ ದಿನ ಅಜೀತ ಬಿಳಿ ಅಂಗಿ ಹಾಕಿಕೊಂಡು ಹೆಂಡತಿಯೊಂದಿಗೆ ಜನರ ನಡುವೆ ನಡೆದ. ಡಿಜೆಯ ಸದ್ದಿಗೆ ಎದೆ ಅದುರುತ್ತಿತ್ತು. ಬೀದರಿನ ಕಡೆಯವನೊಬ್ಬ ಗುರುತು ಹಿಡಿದು ಅವನ ಕೈ ಕುಲುಕಿದ.

"ಆ ಢೋಲಕಿ ವಿಡಿಯೋದಾಗಿನವರು ನೀವೇ ಅಲ್ಲೇನ್ರಿ? ಅಬ್ಬಾ, ಆ ಮುದುಕಂಗ ಬರೋಬ್ಬರಿ ಅಂದ್ರಿ ನೋಡ್ರಿ!"

ಆಮ್ರಪಾಲಿ ಗಂಡನ ಕಡೆ ನೋಡಿದಳು. ಅಜೀತ ಆ ಮನುಷ್ಯನ ತೋಳು ಹಿಡಿದು ರಸ್ತೆಯ ಬದಿಗೆ, ಮಾತು ಕೇಳುವಷ್ಟು ದೂರಕ್ಕೆ ಕರೆದುಕೊಂಡು ಹೋದ.

"ಒಂದು ನಿಮಿಷ ನಿಂದರ್ರಿ, ಹೇಳ್ತೀನಿ," ಅಂದ. "ಆ ಧಡಧಡನೂ ನಾನೇ ಬಾರಿಸಿದ್ದು."

ಆ ಮನುಷ್ಯ ತಮಾಷೆ ಅಂದುಕೊಂಡು ನಕ್ಕ. ಅಜೀತ ಅವನ ತೋಳು ಬಿಡದೆ ಮತ್ತೆ ಮೊದಲಿನಿಂದ ಹೇಳತೊಡಗಿದ.